ರಿಬ್ಬಣ್ಣನ ಜೇಬು

ನಮ್ಮ ಮನೆಯವರ ಅಂಗಿ ಒಗೆಯುವ ಮುಂಚೆ ಜೇಬು ತಡಕಲೇಬೇಕು. ಈ ಬುದ್ಧಿ ನನಗೆ ಮದುವೆಯಾದ ಮೊದಲ ವಾರವೇ ಬಂತು. ಅವತ್ತು ನೋಡದೆ ನೆನೆಹಾಕಿಬಿಟ್ಟಿದ್ದೆ. ಬಕೆಟ್ಟಿನ ತಳದಲ್ಲಿ ಏನೋ ಟಣಟಣ ಎಂದಿತು. ಕೈಹಾಕಿ ನೋಡಿದರೆ ಹತ್ತು ಪುಟ್ಟ ಕಬ್ಬಿಣದ ಮುಚ್ಚಳಗಳು, ಬಿಳಿ ಅಂಗಿಯ ತುಂಬ ಕಪ್ಪು ಮಸಿ.

"ಏನ್ರೀ ಇದು? ಇದು ಜೇಬಾ, ಗುಜರಿ ಅಂಗಡಿನಾ?"

"ಅಯ್ಯೋ, ಚೆಲ್ಲಬೇಡ ಕಣೇ! ಅದಿಲ್ದಿದ್ರೆ ನಾಳೆ ಆಫೀಸೇ ನಡಿಯಲ್ಲ!" ಎಂದು ಓಡಿಬಂದು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಒರೆಸತೊಡಗಿದರು. ಹೊಸ ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ, ಆ ಮುಚ್ಚಳಗಳನ್ನು ನೋಡಿದರು. ಇದನ್ನು ನಾನು ಇವತ್ತಿಗೂ ಮರೆತಿಲ್ಲ, ಅವರಿಗೂ ಮರೆಯಲು ಬಿಟ್ಟಿಲ್ಲ.

ಇವರು ಬಸ್ಸು ಕಂಪನಿಯ ಬುಕಿಂಗ್ ಆಫೀಸಿನಲ್ಲಿ ಟೈಪ್‌ರೈಟರ್ ರಿಪೇರಿಯವರು. ಅಲ್ಲಿ ಐದು ಟೈಪ್‌ರೈಟರು, ಐದು ಜನ ಟೈಪಿಸ್ಟರು. ಯಾವ ಬಸ್ಸಿನ ಯಾವ ಸೀಟು ಯಾರಿಗೆ ಎಂಬ ಪಟ್ಟಿಯನ್ನು ಬೆಳಗಿನಿಂದ ಸಂಜೆಯವರೆಗೆ ಬಡಿಯುವುದೇ ಕೆಲಸ. ಒಂದು ಕಾಲದಲ್ಲಿ ಆಫೀಸು ಬಾಗಿಲು ಹಾಕಿದ ಮೇಲೆ ಯಾರೋ ಒಳಗೆ ನುಸುಳಿ ತಮ್ಮ ಸ್ವಂತ ಕಾಗದ ಪತ್ರಗಳನ್ನು ಟೈಪ್ ಮಾಡಿಕೊಳ್ಳುತ್ತಿದ್ದರಂತೆ. ರಿಬ್ಬನ್ನು ವಾರಕ್ಕೇ ಮುಗಿಯುತ್ತಿತ್ತು, ಬೈಗುಳ ಮಾತ್ರ ಇವರಿಗೆ. ಅದಕ್ಕೆ ಇವರೊಂದು ಉಪಾಯ ಮಾಡಿದರು. ಸಂಜೆ ಹೊರಡುವಾಗ ಪ್ರತಿ ಯಂತ್ರದಲ್ಲೂ ರಿಬ್ಬನ್ ಸುರುಳಿ ಹಿಡಿದಿಡುವ ಎರಡೆರಡು ಮುಚ್ಚಳ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಬರುವುದು. ಮುಚ್ಚಳವಿಲ್ಲದಿದ್ದರೆ ರಿಬ್ಬನ್ ಓಡುವುದಿಲ್ಲ, ಎಷ್ಟು ಬಡಿದರೂ ಅಕ್ಷರ ಮೂಡುವುದಿಲ್ಲ. ಕಳ್ಳ ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೆ ಇವರ ಹೆಸರು ಹೋಗಿ ರಿಬ್ಬಣ್ಣ ಎಂದಾಯಿತು. ಮ್ಯಾನೇಜರಿಗೂ ರಿಬ್ಬಣ್ಣ, ಕಂಡಕ್ಟರುಗಳಿಗೂ ರಿಬ್ಬಣ್ಣ. ನನ್ನನ್ನು ಒಬ್ಬ ಡ್ರೈವರು "ರಿಬ್ಬಕ್ಕ" ಅಂದ. ನಾನು ನೋಡಿದ ನೋಟಕ್ಕೆ ಅವನು ಇನ್ನೊಮ್ಮೆ ಅನ್ನಲಿಲ್ಲ.

ಬಾಗಿಲ ಪಕ್ಕದ ಕಿಟಕಿಯ ಮೇಲೆ ಹಳೆಯ ಚಹಾಪುಡಿ ಡಬ್ಬಿಯೊಂದನ್ನು ಇಟ್ಟೆ. ಸಂಜೆ ಇವರು ಅಂಗಿ ಬಿಚ್ಚುತ್ತಿದ್ದ ಹಾಗೆ ಜೇಬಿನಿಂದ ಡಬ್ಬಿಗೆ, ಬೆಳಗ್ಗೆ ಹೊರಡುವಾಗ ಡಬ್ಬಿಯಿಂದ ಜೇಬಿಗೆ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಇವರು ಮರೆತರೆ ನಾನು ಜೇಬು ತಡಕಿ ಹಾಕುತ್ತಿದ್ದೆ. ನನ್ನತ್ತೆ ಆ ಡಬ್ಬಿಯನ್ನು ನನ್ನ ಒಡವೆ ಪೆಟ್ಟಿಗೆ ಎಂದು ಕರೆಯುತ್ತಿದ್ದರು.

ಇವರಿಗೆ ನಲವತ್ತೊಂಬತ್ತು ತುಂಬಿದ ವರ್ಷ ಆಫೀಸಿಗೆ ಐದು ಕಂಪ್ಯೂಟರುಗಳು ಬಂದವು. ಟೈಪ್‌ರೈಟರುಗಳನ್ನು ಗೋಣಿಚೀಲದಲ್ಲಿ ಸುತ್ತಿ ಮೆಟ್ಟಿಲ ಕೆಳಗೆ ಇಟ್ಟರು. ಕಂಪ್ಯೂಟರು ತಂದ ಇಂಜಿನಿಯರು ಐದನ್ನೂ ಮೇಜಿನ ಮೇಲೆ ಕೂರಿಸಿ, ಒಂದು ಕಪ್ಪು ತಂತಿಯ ಸುರುಳಿ, ಯಂತ್ರದ ಹೊಟ್ಟೆಯೊಳಗೆ ಸಿಕ್ಕಿಸುವ ಐದು ಕಾರ್ಡು, ಒಂದು ಮೋಡೆಮ್ಮು, ಒಂದು ದಪ್ಪ ಪುಸ್ತಕ ಕೊಟ್ಟು, "ಮಿಕ್ಕಿದ್ದೆಲ್ಲ ಇದರಲ್ಲಿದೆ" ಎಂದು ಹೋದವರು ಮತ್ತೆ ಕಾಣಲಿಲ್ಲ. ಆಗ ಮ್ಯಾನೇಜರು ಇವರನ್ನು ಕರೆದರು.

"ನೋಡಿ ರಿಬ್ಬಣ್ಣ, ಇನ್ನು ಹತ್ತು ದಿನಕ್ಕೆ ಸೋಮವಾರ ಹೆಡ್ ಆಫೀಸಿನ ಮೇಡಂ ಬರ್ತಾರೆ. ಅಷ್ಟರಲ್ಲಿ ಐದೂ ಯಂತ್ರ ಒಂದಕ್ಕೊಂದು ಮಾತಾಡ್ಬೇಕು, ಹೆಡ್ ಆಫೀಸಿನ ಯಂತ್ರಕ್ಕೆ ಫೋನಲ್ಲಿ ಪಟ್ಟಿ ಹೋಗ್ಬೇಕು. ಮಾಡಿ ತೋರಿಸಿದ್ರೆ ಇದರ ಜವಾಬ್ದಾರಿ ನಿಮ್ಮದೇ. ಆಗದಿದ್ರೆ ಗಡಿ ಡಿಪೋದಲ್ಲಿ ಟೈರ್ ಶೆಡ್ಡಿಗೆ ಒಬ್ಬರು ಬೇಕಂತಿದ್ದಾರೆ."

ಗಡಿ ಡಿಪೋ ಎಂದರೆ ನಮ್ಮೂರಿನಿಂದ ಬಸ್ಸಿನಲ್ಲಿ ಒಂಬತ್ತು ಗಂಟೆ ದಾರಿ. ಅತ್ತೆಗೆ ಮಂಡಿ ನೋವು, ಎರಡು ಮೆಟ್ಟಿಲು ಇಳಿಯಲು ಆಗದು. ಅವರನ್ನು ಬಿಟ್ಟು ನಾನು ಹೋಗುವಂತಿಲ್ಲ. ಅಂದರೆ ಇವರೊಬ್ಬರೇ ಹೋಗಬೇಕು. ನೀರು ಕಾಯಿಸಲು ಇಟ್ಟು ಪಾತ್ರೆಯನ್ನೇ ಸುಟ್ಟ ಮನುಷ್ಯ, ಟೈರುಗಳ ನಡುವೆ ಒಂದು ಕೋಣೆಯಲ್ಲಿ, ನಿವೃತ್ತಿಯಾಗುವವರೆಗೆ ಒಂಬತ್ತು ವರ್ಷ! ಸುದ್ದಿ ಹೇಳುವಾಗ ಇವರು ನಕ್ಕರು. ಆ ನಗು ನೋಡಿಯೇ ನನಗೆ ಭಯವಾಯಿತು.

"ಪುಸ್ತಕ ಎಲ್ಲಿ? ತನ್ನಿ ಇಲ್ಲಿ," ಎಂದೆ. ಇವರಿಗೆ ಟೈಪ್‌ರೈಟರಿನ ಪ್ರತಿ ಅಕ್ಷರದ ತೂಕ ಗೊತ್ತು, ಆದರೆ ಇಂಗ್ಲಿಷ್ ಪುಸ್ತಕ ಎಂದರೆ ನಿದ್ದೆ. ನಾನು ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಶಾಲೆಗೇ ಎರಡನೆಯವಳು. ಆ ವಿದ್ಯೆ ಇಷ್ಟು ವರ್ಷ ಸೋಪಿನ ಪೊಟ್ಟಣ ಓದಲು ಮಾತ್ರ ಉಪಯೋಗವಾಗಿತ್ತು.

ಮಾರನೆಯ ಸಂಜೆ ಇವರು ಒಂದು ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸನ್ನು ತಂದ ಹಾಗೆ ಮನೆಗೆ ತಂದರು. ಊಟದ ಮೇಜಿನ ಮೇಲೆ ಬಿಚ್ಚಿದರು. ಅಂಗೈಗಿಂತ ಸ್ವಲ್ಪ ಉದ್ದದ ಹಸಿರು ಹಲಗೆ, ಅದರ ಮೇಲೆ ಕಪ್ಪು ಕಪ್ಪು ಚಿಪ್ಪುಗಳು, ಅಂಚಿನಲ್ಲಿ ಹೊಳೆಯುವ ಹಳದಿ ಹಲ್ಲುಗಳು. ಹಿಂದುಗಡೆಯ ತಗಡಿನಲ್ಲಿ ಮೂರು ಬಾಯಿ. ಒಂದು ದುಂಡನೆಯದು, ಕಪ್ಪು ತಂತಿಯನ್ನು ತಿರುಗಿಸಿ ಸಿಕ್ಕಿಸುವುದಕ್ಕೆ. ಒಂದು ಅಗಲವಾದದ್ದು, ಹದಿನೈದು ತೂತಿನದು. ಇನ್ನೊಂದು ಚೌಕದ್ದು, ಫೋನಿನ ವೈರು ಸಿಕ್ಕಿಸುವ ತೂತಿನ ಅಕ್ಕನ ಹಾಗೆ ಇತ್ತು. ಪಕ್ಕದಲ್ಲಿ ಸಾಸಿವೆಯಷ್ಟು ದೀಪ.

"ಒಂದು ಮುಖಕ್ಕೆ ಮೂರು ಬಾಯಾ?" ಎಂದೆ. "ನಮ್ಮನೇಲಿ ಒಂದು ಮುಖಕ್ಕೆ ಒಂದೇ ಇದ್ದೂ ಇಷ್ಟು ಗಲಾಟೆ."

"ಯಾರನ್ನ ಅಂತಿದೀಯಾ ಅಂತ ನನಗೂ ಗೊತ್ತಾಗತ್ತೆ ಕಣಮ್ಮ," ಎಂದರು ಅತ್ತೆ ಒಳಗಿಂದ. ಅವರ ಮಂಡಿ ಕೆಟ್ಟಿತ್ತು, ಕಿವಿ ಕೆಟ್ಟಿರಲಿಲ್ಲ.

ನಾನು ಓದುತ್ತ ಹೋದೆ, ಇವರು ಬೆರಳಿಟ್ಟು ನೋಡುತ್ತ ಹೋದರು. ಮೂರು ಬಾಯಿ ಇದ್ದರೂ ಒಂದು ಹೊತ್ತಿಗೆ ಒಂದೇ ಬಾಯಿಂದ ಮಾತು. ನಮಗೆ ಬೇಕಾದದ್ದು ದುಂಡನೆಯದು. ಕಪ್ಪು ತಂತಿ ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಐದಕ್ಕೂ ಸಾಲಾಗಿ ಹೋಗಬೇಕು. ತಂತಿಯ ಎರಡು ತುದಿಗೂ ಒಂದೊಂದು ಹೊಳೆಯುವ ಮುಚ್ಚಳ ಹಾಕಬೇಕು. ಕಾರ್ಡಿನ ನಡುವೆ ಸಾಲು ಸಾಲು ಸೂಜಿಗಳಿದ್ದವು. ಅದರ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಟೋಪಿಗಳು. ಟೋಪಿ ಯಾವ ಸೂಜಿಯ ಮೇಲಿದೆಯೋ ಅದರಂತೆ ಕಾರ್ಡಿಗೊಂದು ನಂಬರು. ತಂತಿಯಲ್ಲಿ ಏನಾದರೂ ಬಂದಾಗ ಕಾರ್ಡು ಆ ನಂಬರಿನಲ್ಲಿ ಕಂಪ್ಯೂಟರಿನ ಒಳಗಿನ ಯಜಮಾನ ಚಿಪ್ಪನ್ನು "ಒಂದು ನಿಮಿಷ ಇಲ್ಲಿ ನೋಡಿ" ಎಂದು ಕರೆಯುತ್ತದೆ. ಅಂಗಡಿಯಿಂದ ಬರುವಾಗ ಎಲ್ಲ ಕಾರ್ಡಿನ ಟೋಪಿಯೂ ಮೂರನೇ ನಂಬರಿನ ಮೇಲೇ ಕೂತಿರುತ್ತದಂತೆ.

ಇವರು ಅಭ್ಯಾಸದಂತೆ ಚೀಲದಿಂದ ಎಣ್ಣೆಯ ಪುಟ್ಟ ಡಬ್ಬಿ ತೆಗೆದರು. ಅದರ ಉದ್ದ ಮೂತಿಯನ್ನು ಕಾರ್ಡಿನ ಹತ್ತಿರ ತಂದು ಅಲ್ಲೇ ನಿಲ್ಲಿಸಿದರು.

"ಇದಕ್ಕೆ ಎಣ್ಣೆ ಬಿಡೋ ಜಾಗವೇ ಇಲ್ಲ ಕಣೇ," ಎಂದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡು ಮುಂದಿನ ಪುಟ ತಿರುವಿದೆ.

ಮೋಡೆಮ್ಮು ಇನ್ನೊಂದು ಕಥೆ. ಅದು ಆಫೀಸಿನ ಫೋನಿಗೆ ಅಂಟಿಕೊಂಡ ಚಪ್ಪಟೆ ಪೆಟ್ಟಿಗೆ. ಒಳಗಿನ ಪಟ್ಟಿಯನ್ನು ಸದ್ದು ಮಾಡಿ ಫೋನಿನಲ್ಲಿ ಕಳಿಸುತ್ತದೆ, ಆ ಕಡೆಯ ಮೋಡೆಮ್ಮು ಆ ಸದ್ದನ್ನು ಮತ್ತೆ ಪಟ್ಟಿ ಮಾಡಿಕೊಳ್ಳುತ್ತದೆ. ಅದಕ್ಕೆ ಏನು ಹೇಳಬೇಕಾದರೂ ಮೊದಲು ಎ, ಟಿ ಎಂದು ಎರಡು ಅಕ್ಷರ ಒತ್ತಬೇಕು, "ಇಲ್ಲಿ ಕೇಳು" ಎಂದ ಹಾಗೆ. ಆಮೇಲೆ ಡಿ ಒತ್ತಿ ನಂಬರು ಕೊಟ್ಟರೆ ಫೋನು ಮಾಡುತ್ತದೆ. ಎಚ್ ಎಂದರೆ ಫೋನು ಇಡುತ್ತದೆ. ಎಂ ಸೊನ್ನೆ ಎಂದರೆ ಕಿರುಚಾಟ ನಿಲ್ಲಿಸಿ ಸುಮ್ಮನೆ ಕೆಲಸ ಮಾಡುತ್ತದೆ.

"ಆ ಎಂ ಸೊನ್ನೆ ಏನಿದ್ಯೋ, ಅದನ್ನ ಮೊದಲು ನಿನ್ನ ಹೆಂಡತಿಗೆ ಒತ್ತೋ," ಎಂದರು ಅತ್ತೆ.

ಎಷ್ಟು ಸಲ ಗಂಟೆ ಬಡಿದ ಮೇಲೆ ಮೋಡೆಮ್ಮು ತಾನೇ ಫೋನು ಎತ್ತಬೇಕು ಎಂದೂ ಹೇಳಿಡಬಹುದಿತ್ತು. ಸಂಜೆ ಹೆಡ್ ಆಫೀಸಿನ ಯಂತ್ರ ಫೋನು ಮಾಡಿದಾಗ ಎತ್ತುವವರು ಬೇಕಲ್ಲ. ಇವರು ಬಹಳ ಉತ್ಸಾಹದಿಂದ ಅದನ್ನು ಒಂದಕ್ಕೆ ಇಟ್ಟರು. ಗುರುವಾರ ಬೆಳಗ್ಗೆ ಅತ್ತೆ ತಮ್ಮ ಮಂಡಿ ಎಣ್ಣೆ ತರಲು ಹೇಳಬೇಕೆಂದು ಆಫೀಸಿಗೆ ಫೋನು ಮಾಡಿದರು. ನಾನು ಅಡುಗೆಮನೆಯಲ್ಲಿದ್ದೆ.

"ಮಗಾ... ಯಾಕೋ? ಏನಾಯ್ತೋ? ಯಾಕೆ ಹೀಗೆ ಕೂಗ್ತಿದೀಯಾ? ಅಯ್ಯೋ ದೇವರೇ, ಇವನಿಗೆ ಏನೋ ಆಗಿಹೋಗಿದೆ ಕಣೇ!"

ಓಡಿಹೋಗಿ ಫೋನು ಕಸಿದುಕೊಂಡೆ. ಕೀಂ... ಎಂದು ಒಂದೇ ಸಮನೆ ಕಿರುಚಿ, ಆಮೇಲೆ ಗರಗರ ಎಂದು ಗಂಟಲು ಕೆರೆದುಕೊಂಡಿತು. ಕಿವಿ ಮರಗಟ್ಟಿತು. ಅವತ್ತು ಇಡೀ ದಿನ ಸೀಟು ಬೇಕೆಂದು ಫೋನು ಮಾಡಿದವರಿಗೆಲ್ಲ ಇದೇ ಮಂಗಳಾರತಿ. ಮಧ್ಯಾಹ್ನದ ಹೊತ್ತಿಗೆ ಮೂರು ಜನ ಖುದ್ದಾಗಿ ಬಂದು ಜಗಳ ಮಾಡಿ ಹೋದರಂತೆ. ಅದರಲ್ಲೊಬ್ಬರು ನಾಯಿ ಡಾಕ್ಟರು. ಪಾಪ, ಯಾವುದೋ ಪ್ರಾಣಿಗೆ ಜೀವ ಹೋಗುತ್ತಿದೆ ಎಂದು ಚೀಲ ಹಿಡಿದೇ ಬಂದಿದ್ದರು.

"ಸೊನ್ನೆಗೆ ಇಟ್ಟುಬಿಡ್ಲಾ?" ಎಂದರು ಇವರು ಸಂಜೆ, ತಲೆ ಹಿಡಿದುಕೊಂಡು.

"ಸೊನ್ನೆ ಇಟ್ರೆ ಅದು ಎತ್ತೋದೇ ಇಲ್ಲ ಅಂತ ಇಲ್ಲಿ ಬರೆದಿದೆ. ಆರಕ್ಕೆ ಇಡಿ. ಆರು ಸಲ ಗಂಟೆ ಬಡಿಯೋ ಅಷ್ಟರಲ್ಲಿ ಮನುಷ್ಯರು ಯಾರಾದ್ರೂ ಇದ್ರೆ ಎತ್ತೇ ಎತ್ತುತಾರೆ. ಯಾರೂ ಇಲ್ದಿದ್ರೆ ಆ ಪಿಶಾಚಿ ಎತ್ತಲಿ."

ಇವರು ನನ್ನನ್ನೇ ನೋಡಿದರು. ಮಾರನೆಯ ದಿನ ಆರಕ್ಕೆ ಇಟ್ಟರು. ಆಮೇಲೆ ತೊಂದರೆ ಬರಲಿಲ್ಲ.

ದೊಡ್ಡ ತೊಂದರೆ ಬೇರೆಯಿತ್ತು. ನಾಲ್ಕು ಯಂತ್ರಗಳು ಒಂದಕ್ಕೊಂದು ಚೆನ್ನಾಗಿ ಮಾತಾಡಿದವು. ಐದನೆಯದು, ಮ್ಯಾನೇಜರ ಮೇಜಿನದು, ಮೋಡೆಮ್ಮು ಇದ್ದದ್ದು, ಅದು ಮಾತ್ರ ಹಟ ಹಿಡಿಯಿತು. ಮಿಕ್ಕ ನಾಲ್ಕರ ಜೊತೆ ಮಾತಾಡಿದರೆ ಮೋಡೆಮ್ಮು ಸಾಯುತ್ತದೆ. ಮೋಡೆಮ್ಮು ಹೆಡ್ ಆಫೀಸಿಗೆ ಫೋನು ಹಚ್ಚಿದರೆ ಕಾರ್ಡು ಮೂಕವಾಗುತ್ತದೆ. ಇವರು ಕಾರ್ಡು ಬದಲಾಯಿಸಿ ನೋಡಿದರು. ತಂತಿ ಬದಲಾಯಿಸಿ ನೋಡಿದರು. ಕಾರ್ಡಿನ ಹಳದಿ ಹಲ್ಲನ್ನು ರಬ್ಬರಿನಿಂದ ಉಜ್ಜಿ ನೋಡಿದರು. ಶುಕ್ರವಾರ, ಶನಿವಾರ ಎರಡು ದಿನ ಊಟ ಸೇರಲಿಲ್ಲ. ಶನಿವಾರ ಸಂಜೆ ತಟ್ಟೆಯ ಮುಂದೆ ಕೂತು, "ಟೈರ್ ಶೆಡ್ಡಲ್ಲಿ ನೆರಳಾದ್ರೂ ಇರತ್ತಂತೆ," ಎಂದರು. ನನಗೆ ಕೈಯಲ್ಲಿದ್ದ ಸೌಟನ್ನು ಎತ್ತಿ ಒಗೆಯಬೇಕೆನ್ನಿಸಿತು. ಯಾರ ಮೇಲೆ ಎಂದು ಗೊತ್ತಾಗದೆ ಅದರಲ್ಲೇ ಸಾರು ಬಡಿಸಿದೆ.

ಮಾತು ಬದಲಾಯಿಸೋಣ ಎಂದು ಅತ್ತೆ ಕೇಳಿದರು. "ಆಫೀಸಲ್ಲಿ ಬೇರೆ ಏನೋ ವಿಶೇಷ?"

"ಏನಿಲ್ಲಮ್ಮ. ಮತ್ತೆ ಅದೇ. ಎರಡು ಕೌಂಟರಿನವರೂ ಒಂದೇ ಬಸ್ಸಿನ ಹದಿನಾಲ್ಕನೇ ಸೀಟು ಕೊಟ್ಟುಬಿಟ್ಟಿದ್ರು. ಇಬ್ಬರೂ ಎದ್ದೇಳ್ತಿಲ್ಲ. ಬಸ್ಸೇ ಹೊರಡ್ಲಿಲ್ಲ."

ನನ್ನ ಸೌಟು ಅಲ್ಲೇ ನಿಂತಿತು. "ರೀ, ಆ ಕಾರ್ಡಿನ ಟೋಪಿ ಮೂರನೇ ನಂಬರಿನ ಮೇಲಿದೆ ಅಲ್ವಾ?"

"ಹೂಂ. ಎಲ್ಲದ್ದೂ ಮೂರೇ."

"ಮೋಡೆಮ್ಮಿನ ನಂಬರ್ ಎಷ್ಟು?"

ಇವರ ತುತ್ತು ಬಾಯಿಗೂ ತಟ್ಟೆಗೂ ನಡುವೆ ಉಳಿಯಿತು. ಎಂಜಲು ಕೈಯಲ್ಲೇ ಎದ್ದುಹೋಗಿ ಎಡಗೈಯಿಂದ ಪುಸ್ತಕ ತಂದರು. ನಾನು ಹುಡುಕಿದೆ. ಮೋಡೆಮ್ಮು ಸಿಕ್ಕಿಸಿದ್ದ ಜಾಗದ ನಂಬರೂ ಮೂರು. ಒಂದೇ ಸೀಟಿಗೆ ಇಬ್ಬರು! ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಇಬ್ಬರೂ ಕೂತರೆ ಬಸ್ಸೇ ಇಲ್ಲ.

"ಇಪ್ಪತ್ತಾರು ವರ್ಷ ಇದೇ ಜಗಳ ನೋಡ್ಕೊಂಡು ಬಂದಿದೀನಿ," ಎಂದರು ಇವರು. "ಡಬ್ಬದೊಳಗೂ ಇದೇ ಜಗಳ ಅಂತ ಹೊಳೀಲೇ ಇಲ್ವಲ್ಲೇ!" ಅಂದು ಮೂರು ಸಲ ಬಡಿಸಿಕೊಂಡು ಉಂಡರು.

ಭಾನುವಾರ ರಜೆ. ಇವರು ಬೆಳಗ್ಗೆಯೇ ಹೋಗಿ ಐದನೆಯ ಕಾರ್ಡಿನ ಟೋಪಿಯನ್ನು ಚಿಮಟದಿಂದ ಎತ್ತಿ, ಖಾಲಿ ಇದ್ದ ಐದನೇ ನಂಬರಿನ ಮೇಲೆ ಕೂರಿಸಿದರಂತೆ. ಮಧ್ಯಾಹ್ನ ನಾನು ಊಟದ ಡಬ್ಬಿ ತೆಗೆದುಕೊಂಡು ಹೋದೆ. ಕಪ್ಪು ತಂತಿ ಬಾಗಿಲ ಬಳಿಯ ಮೇಜಿನಿಂದ ಹೊರಟು, ಗೋಡೆಯಂಚಿನಲ್ಲಿ ಹರಿದು, ಮ್ಯಾನೇಜರ ಬೀರುವಿನ ಹಿಂದೆ ಮುಗಿಯುತ್ತಿತ್ತು. ಇವರು ನನ್ನನ್ನು ಬಾಗಿಲ ಬಳಿಯ ಯಂತ್ರದ ಮುಂದೆ ಕೂರಿಸಿ, ತಾವು ಮ್ಯಾನೇಜರ ಕುರ್ಚಿಯಲ್ಲಿ ಕೂತು ಏನೋ ಒತ್ತಿದರು. ಪರದೆಯ ಮೇಲೆ ಅಕ್ಷರ ಮೂಡಿತು: ಎಲ್ಲ ಸರಿ ಇದೆ. ಊಟ ಆಯ್ತಾ?

ಟೈಪ್‌ರೈಟರು ರಿಪೇರಿಯಾದ ಮೇಲೆ ಇವರು ಪರೀಕ್ಷೆಗೆ ಬಡಿಯುತ್ತಿದ್ದದ್ದೂ ಅದೇ, ಎಲ್ಲ ಸರಿ ಇದೆ ಎಂದು. ನಾನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಉತ್ತರ ಒತ್ತಿದೆ: ಬಡಿಸೋರು ಯಾರು, ನೀವಾ? ಆ ಮೂಲೆಯಿಂದ ಇವರು ನಕ್ಕಿದ್ದು ಖಾಲಿ ಆಫೀಸಿನ ತುಂಬ ಕೇಳಿತು. ತಂತಿಯ ತುದಿಯಲ್ಲಿದ್ದ ಮುಚ್ಚಳವನ್ನೂ ತೋರಿಸಿದರು. ಬೆಳ್ಳಿಯ ಹಾಗೆ ಹೊಳೆಯುವ ಬೆರಳುತುದಿಯಷ್ಟು ಗಾತ್ರದ್ದು, ಒತ್ತಿ ತಿರುಗಿಸಿದರೆ ಟಕ್ ಎಂದು ಕೂರುತ್ತಿತ್ತು. ತಂತಿಯಲ್ಲಿ ಓಡುವ ಮಾತು ತುದಿ ಮುಟ್ಟಿದ ಮೇಲೆ ಅಲ್ಲೇ ಇಂಗಬೇಕು, ಮುಚ್ಚಳವಿಲ್ಲದಿದ್ದರೆ ಅದು ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬಂದು ಹಿಂದೆ ಬರುವ ಮಾತಿಗೆ ಡಿಕ್ಕಿ ಹೊಡೆಯುತ್ತದೆ ಎಂದರು. ಸಂಜೆ ಮುಂಚಿತವಾಗಿ ಬೀಗ ಹಾಕಿ ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಇವರು ಶಿಳ್ಳೆ ಹಾಕಿದರು. ನಾನೂ ಬೇಡ ಎನ್ನಲಿಲ್ಲ.

ಸೋಮವಾರ ಇವರು ಹೊಸ ಅಂಗಿ ಹಾಕಿಕೊಂಡು ಎಂಟಕ್ಕೇ ಹೊರಟರು. ಮೇಡಂ ಬರುವುದು ಹನ್ನೊಂದಕ್ಕೆ. ಹತ್ತು ಗಂಟೆಗೆ ನಾನು ಒಗೆಯಲು ಕೂತು, ಹಿಂದಿನ ದಿನದ ಅಂಗಿಯ ಜೇಬಿಗೆ ಕೈಹಾಕಿದೆ. ಏನೋ ತಣ್ಣಗೆ ಬೆರಳಿಗೆ ತಗುಲಿತು. ಹೊರಗೆ ತೆಗೆದೆ.

ಬೆಳ್ಳಿಯ ಹಾಗೆ ಹೊಳೆಯುವ ಎರಡು ಮುಚ್ಚಳ.

ಇಪ್ಪತ್ತಾರು ವರ್ಷ ಸಂಜೆ ಸಂಜೆ ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡ ಕೈ ಅದು. ನಿನ್ನೆ ಹೊರಡುವಾಗ ಇವರು ಶಿಳ್ಳೆ ಹಾಕುತ್ತಿದ್ದರು, ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು! ಬೆಳಗ್ಗೆ ಡಬ್ಬಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಟೈಪ್‌ರೈಟರೇ ಇಲ್ಲದ ಮೇಲೆ ಡಬ್ಬಿಯಲ್ಲಿ ಏನಿರುತ್ತದೆ?

ಆಫೀಸಿಗೆ ಫೋನು ಹಚ್ಚಿದೆ. ಒಂದು, ಎರಡು, ಮೂರು ಗಂಟೆ. ಯಾರಾದರೂ ಎತ್ತಿ, ಎತ್ತಿ! ನಾಲ್ಕು, ಐದು, ಆರು. ಕೀಂ... ಎಂದು ಕಿರುಚಿಕೊಂಡಿತು ಪಿಶಾಚಿ. ಅಲ್ಲಿ ಎಲ್ಲರೂ ಕೆಟ್ಟ ಯಂತ್ರದ ಸುತ್ತ ಮುತ್ತಿಕೊಂಡಿದ್ದಾರೆ, ಯಾರೂ ಫೋನು ಎತ್ತುವುದಿಲ್ಲ ಎಂದು ಆಗಲೇ ಅರ್ಥವಾಯಿತು. ನಾನೇ ಕಲಿಸಿದ ಬುದ್ಧಿ ನನ್ನ ಕಿವಿಗೇ ಬಂದು ಬಡಿದಿತ್ತು. ಆ ಮೋಡೆಮ್ಮಿಗೆ ನಾನು ಏನೇನು ಅಂದೆನೋ ಇಲ್ಲಿ ಬರೆಯುವಂತಿಲ್ಲ. ಅತ್ತೆ ಕೇಳಿ, "ಅದಕ್ಕೆ ಅರ್ಥ ಆಗಿದ್ರೆ ನಾಚಿಕೆಯಿಂದ ಸತ್ತೇಹೋಗ್ತಿತ್ತು," ಎಂದರು.

"ಅತ್ತೆ, ನಾನು ಹೋಗಿಬರ್ತೀನಿ."

"ಕೈಯೆಲ್ಲ ಸೋಪು ಕಣೇ! ಬಟ್ಟೆಯಾದ್ರೂ ಬದಲಾಯಿಸು!"

"ನಿಮ್ಮ ಮಗ ಟೈರ್ ಲೆಕ್ಕ ಬರೆಯೋಕೆ ಹೋದ ಮೇಲೆ ಬದಲಾಯಿಸ್ಕೋತೀನಿ!"

ಬಸ್ಸಿನಲ್ಲಿ ಕೂತರೂ ಕೂತ ಹಾಗಿರಲಿಲ್ಲ. ಮುಷ್ಟಿ ಬಿಚ್ಚಿದರೆ ಎಲ್ಲಿ ಉರುಳಿಹೋಗುತ್ತವೋ ಎಂದು ಬಿಗಿಹಿಡಿದೇ ಇದ್ದೆ. ನಿಲ್ದಾಣ ನಿಲ್ದಾಣಕ್ಕೂ ಡ್ರೈವರು ಆಕಳಿಸುತ್ತ ನಿಲ್ಲಿಸುತ್ತಿದ್ದ. ನನ್ನನ್ನು ಒಮ್ಮೆ ರಿಬ್ಬಕ್ಕ ಎಂದು ಕರೆದವನೇ ಅವನು. "ಅಣ್ಣಾ, ಇವತ್ತು ಏನು ಬೇಕಾದ್ರೂ ಕರಿ, ಗಾಡಿ ಮಾತ್ರ ಓಡಿಸು!" ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಮುಂದಿನ ಎರಡು ನಿಲ್ದಾಣ ನಿಲ್ಲಿಸಲೇ ಇಲ್ಲ.

ಆಫೀಸಿನೊಳಗೆ ಕಾಲಿಟ್ಟಾಗ ಹನ್ನೊಂದೂ ಹತ್ತು. ಹೆಡ್ ಆಫೀಸಿನ ಮೇಡಂ ಗಿಡ್ಡಗೆ, ದಪ್ಪ ಕನ್ನಡಕ ಹಾಕಿಕೊಂಡು, ಕೈಗಡಿಯಾರ ನೋಡುತ್ತ ನಿಂತಿದ್ದರು. ಮ್ಯಾನೇಜರ ಮುಖ ಕೆಂಪಾಗಿತ್ತು. ಇವರ ಕಾಲು ಮಾತ್ರ ಮೇಜಿನ ಕೆಳಗಿಂದ ಕಾಣುತ್ತಿತ್ತು. ಎಲ್ಲ ಯಂತ್ರಗಳ ಹೊಟ್ಟೆ ಬಿಚ್ಚಿ, ನಂಬರಿನ ಜಗಳವೇ ಮತ್ತೆ ಬಂತೆಂದು ಒಂದೊಂದೇ ಟೋಪಿಯನ್ನು ನೋಡಿ ಮುಗಿಸಿ, ಈಗ ಕೆಳಗೆ ಕರೆಂಟಿನ ಪ್ಲಗ್ಗು ತಡಕುತ್ತಿದ್ದರು. ತುದಿಯ ಮುಚ್ಚಳವನ್ನು ತಾವೇ ಕೈಯಾರೆ ಹಾಕಿದ್ದರಲ್ಲ, ಅಲ್ಲಿ ನೋಡುವುದು ಹೊಳೆದೇ ಇರಲಿಲ್ಲ.

"ಸಾಕು, ಎದ್ದೇಳಿ ರಿಬ್ಬಣ್ಣ," ಎಂದರು ಮ್ಯಾನೇಜರು. "ಹೊಸ ಅಂಗಿ ಹಾಕ್ಕೊಂಡು ಬಂದಿದ್ದಷ್ಟೇ ಬಂತು. ಟೈರ್ ಶೆಡ್ಡಿನ ಕಾಗದ ರೆಡಿ ಮಾಡಿಸ್ತೀನಿ."

ಬಸ್ಸಿನಲ್ಲಿ ನಾನೊಂದು ಸುಳ್ಳು ಕಟ್ಟಿಕೊಂಡು ಬಂದಿದ್ದೆ. ಬಿದ್ದುಹೋಗಿತ್ತು, ಬಾಗಿಲಲ್ಲಿ ಸಿಕ್ಕಿತು ಎನ್ನಬೇಕೆಂದಿದ್ದೆ. ಮೇಜಿನ ಕೆಳಗಿಂದ ಎದ್ದ ಇವರ ಮುಖ ನೋಡಿದಾಗ ಆ ಸುಳ್ಳು ಬಾಯಿಗೆ ಬರಲಿಲ್ಲ. ಸುಮ್ಮನೆ ಮುಷ್ಟಿ ಬಿಚ್ಚಿ ತೋರಿಸಿದೆ. ಇವರು ಮುಚ್ಚಳ ನೋಡಿದರು, ತಮ್ಮ ಬಲಗೈ ನೋಡಿಕೊಂಡರು, ಮತ್ತೆ ಮುಚ್ಚಳ ನೋಡಿದರು.

"ಮೇಡಂ, ತಪ್ಪು ನನ್ನದು," ಎಂದರು. "ದಿನಾ ಸಂಜೆ ಟೈಪ್‌ರೈಟರಿನ ಮುಚ್ಚಳ ತೆಗೆದು ಮನೆಗೆ ಒಯ್ಯೋ ಅಭ್ಯಾಸ. ನಿನ್ನೆ ಇದನ್ನೂ ತೆಗೆದುಬಿಟ್ಟಿದೀನಿ. ನನಗೇ ಗೊತ್ತಾಗಿಲ್ಲ."

ಇಂಥ ಮನುಷ್ಯನನ್ನು ಕಟ್ಟಿಕೊಂಡು ಸುಳ್ಳು ಹೇಳುವುದಾದರೂ ಹೇಗೆ? ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಮೇಡಂ ಒಂದು ಮುಚ್ಚಳ ಎತ್ತಿಕೊಂಡು ಮ್ಯಾನೇಜರನ್ನು ಕೇಳಿದರು. "ಇದು ಯಾಕೆ ಬೇಕು, ಹೇಳಿ?"

ಮ್ಯಾನೇಜರು ಅದನ್ನು ತಿರುಗಿಸಿ ನೋಡಿ, "ಧೂಳು ಹೋಗದೆ ಇರೋಕೆ, ಮೇಡಂ," ಎಂದರು.

ದೊಡ್ಡ ಟೈಪಿಸ್ಟಮ್ಮ ಕೆಮ್ಮಿದಳು. ಆಕೆ ಆಫೀಸಿಗೆ ನಮ್ಮ ಮನೆಯವರಷ್ಟೇ ಹಳಬಳು. ಮೇಡಂ ಇವರ ಕಡೆ ತಿರುಗಿದರು. ಇವರು ಇಂಗುವ ಮಾತು, ವಾಪಸ್ ಬರುವ ಮಾತು, ಗೋಡೆಗೆ ಬಡಿದ ಚೆಂಡು ಎಲ್ಲವನ್ನೂ ಹೇಳಿದರು. ಹೇಳುತ್ತಲೇ ಹೋಗಿ ಬೀರುವಿನ ಹಿಂದೆ ಒಂದು ಮುಚ್ಚಳ ಹಾಕಿದರು. ಬಾಗಿಲ ಬಳಿಯದನ್ನು ನಾನು ಹಾಕಿದೆ, ಒತ್ತಿ ತಿರುಗಿಸಿ, ಟಕ್. ಐದು ಸಾಸಿವೆ ದೀಪಗಳು ಮಿಣಮಿಣ ಎಂದವು.

"ತೆಗೀರಿ," ಎಂದರು ಮೇಡಂ ನನಗೆ. ತೆಗೆದೆ. ಐದೂ ಮೂಕವಾದವು. "ಹಾಕಿ." ಹಾಕಿದೆ. ಐದಕ್ಕೂ ಮಾತು ಬಂತು. "ಎಲ್ಲಿ, ನಾನೊಂದ್ಸಲ ಮಾಡ್ತೀನಿ," ಎಂದು ಬ್ಯಾಗು ಕೆಳಗಿಟ್ಟು, ತಾವೇ ಬಗ್ಗಿ ನಾಲ್ಕು ಸಲ ತೆಗೆದು ಹಾಕಿದರು. ಆಮೇಲೆ ಮೋಡೆಮ್ಮಿನಿಂದ ಪಟ್ಟಿ ಹೆಡ್ ಆಫೀಸಿಗೆ ಹೋಯಿತು. ಕಾರ್ಡೂ ಸಾಯಲಿಲ್ಲ, ಮೋಡೆಮ್ಮೂ ಸಾಯಲಿಲ್ಲ.

ಹೊರಡುವಾಗ ಮೇಡಂ ಮ್ಯಾನೇಜರಿಗೆ ಹೇಳಿದರು. "ಇವರು ಎಲ್ಲಿಗೂ ಹೋಗೋದು ಬೇಡ. ಆದ್ರೆ ದಿನಾ ಸಂಜೆ ಇವರ ಜೇಬು ನೋಡಿ ಮನೆಗೆ ಕಳಿಸಿ."

ಆಫೀಸು ಅದನ್ನು ಹುಕುಮಿನ ಹಾಗೆ ಪಾಲಿಸಿತು. ಒಂಬತ್ತು ವರ್ಷ ದೊಡ್ಡ ಟೈಪಿಸ್ಟಮ್ಮ ದಿನಾ ಸಂಜೆ ಬಾಗಿಲಲ್ಲಿ ನಿಂತು, "ಎಲ್ಲಿ ರಿಬ್ಬಣ್ಣ, ಜೇಬು," ಎನ್ನುವುದು, ಇವರು ಜೇಬಿನ ಒಳಗನ್ನು ಹೊರಗೆಳೆದು ತೋರಿಸುವುದು. ಮೂರು ಸಲ ಸಿಕ್ಕಿಬಿದ್ದರಂತೆ. ಅತ್ತೆ ಇರುವವರೆಗೂ ಸಂಜೆ ಇವರು ಬಂದ ಕೂಡಲೇ ಕೇಳುತ್ತಿದ್ದದ್ದು ಅದನ್ನೇ, ಇವತ್ತು ಕದ್ದೆಯೇನೋ ಎಂದು. ಅವರು ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಮಗ ದಿನಾ ಸಂಜೆ ಆರಕ್ಕೆ ಮನೆಯಲ್ಲಿರುತ್ತಿದ್ದ.

ಇವರಿಗೆ ಐವತ್ತೆಂಟಾಯಿತು, ನಿವೃತ್ತಿಯ ದಿನ ಬಂತು. ಮಾರನೆಯ ದಿನದಿಂದ ಕಪ್ಪು ತಂತಿ ಕಿತ್ತು, ಕಾರ್ಡಿನ ಚೌಕದ ಬಾಯಿಗೆ ಹೊಸ ತಂತಿ ಸಿಕ್ಕಿಸುವುದೆಂದು ಗೊತ್ತಾಗಿತ್ತು. ಅದಕ್ಕೆ ಮುಚ್ಚಳವೇ ಬೇಡವಂತೆ. ಸಂಜೆ ಎಲ್ಲರೂ ಚಹಾ ಕುಡಿದು, ಮಾತಾಡಿ, ಇವರ ಕೈಗೊಂದು ಗೋಡೆ ಗಡಿಯಾರ ಕೊಟ್ಟರು. ನಾನೂ ಹೋಗಿದ್ದೆ. ಬಾಗಿಲಲ್ಲಿ ಟೈಪಿಸ್ಟಮ್ಮ ಎಂದಿನಂತೆ ನಿಂತಿದ್ದಳು. ಇವರ ಎರಡು ಕೈಯಲ್ಲೂ ಗಡಿಯಾರವಿದ್ದದ್ದರಿಂದ ತಾನೇ ಇವರ ಜೇಬಿಗೆ ಕೈಹಾಕಿದಳು. ಕೈ ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಖಾಲಿ ಕೈ ಹೊರಗೆ ತೆಗೆದು, "ಏನಿಲ್ಲ, ಹೋಗಿಬನ್ನಿ," ಎಂದು ಮುಖ ತಿರುಗಿಸಿಕೊಂಡಳು.

ಮರುದಿನ ಬೆಳಗ್ಗೆ ಒಗೆಯಲು ಕೂತು ಜೇಬು ತಡಕಿದೆ.

"ಏನ್ರೀ ಇದು!" ಎಂದು ಎರಡು ಮುಚ್ಚಳ ಹಿಡಿದು ಒಳಗೆ ಹೋದೆ. "ಕೊನೇ ದಿನವೂ ಕೈ ತನ್ನ ಪಾಡಿಗೆ ತಂದುಬಿಡ್ತೇನು?"

ಇವರು ಗಡಿಯಾರಕ್ಕೆ ಮೊಳೆ ಹೊಡೆಯುತ್ತಿದ್ದರು. ತಿರುಗಿ ನೋಡಲಿಲ್ಲ.

"ಅವತ್ತು ಕೈ ತಂದಿತ್ತು ಕಣೇ. ನಿನ್ನೆ ನಾನೇ ತಂದೆ."

ನನಗೆ ಅಳು ಬಂತು. ತೋರಿಸಿಕೊಳ್ಳದೆ ಕಿಟಕಿಯ ಹತ್ತಿರ ಹೋಗಿ, ಚಹಾಪುಡಿ ಡಬ್ಬಿಯ ಧೂಳು ಒರೆಸಿ, ಎರಡನ್ನೂ ಅದರೊಳಗೆ ಹಾಕಿದೆ.